ಅಧ್ಯಕ್ಷರ ಮುಖಕ್ಕೊಂದು ಹಸಿರು ಕಲ್ಲು

ನಂಜನಗೂಡಿನ ಶ್ರೀ ಕಪಿಲಾ ಯುವಕರ ಸಂಘದ ಅಧ್ಯಕ್ಷ ನಂಜೇಶನಿಗೆ ಹೋದ ತಿಂಗಳು ನಲವತ್ತೊಂಬತ್ತು ತುಂಬಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅವನು ಅಧ್ಯಕ್ಷನಾದಾಗ ಅವನಿಗೆ ಇಪ್ಪತ್ತಾರು, ಆಗ ಯಾರೂ ನಕ್ಕಿರಲಿಲ್ಲ. ಕೂತ ಕುರ್ಚಿಯಲ್ಲೇ ವರ್ಷಗಳು ಕಳೆದುಹೋದರೆ ಅದು ವರ್ಷಗಳ ತಪ್ಪೇ ಹೊರತು ಕೂತವನದಲ್ಲ. ಸಂಘದ ಬೈಲಾದಲ್ಲಿ "ಅಧ್ಯಕ್ಷನು ಯುವಕನಾಗಿರತಕ್ಕದ್ದು" ಎಂದು ಬರೆದಿತ್ತು, ಎಷ್ಟು ವರ್ಷದ ತನಕ ಯುವಕ ಎಂದು ಬರೆದಿರಲಿಲ್ಲ. ಬರೆದವರೆಲ್ಲ ಆಗ ಯುವಕರೇ ಆಗಿದ್ದರು, ಅವರಿಗೆ ಆ ಯೋಚನೆ ಹೊಳೆದಿರಲಿಲ್ಲ.

ಉದ್ಯೋಗದಿಂದ ನಂಜೇಶ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ಬಜಾರಿನ ಹಿಂದಿನ ಬೀದಿಯಲ್ಲಿ ಅಂಗಡಿ, ಬಾಗಿಲಲ್ಲಿ ಸುಟ್ಟ ಮೋಟಾರುಗಳ ಸಾಲು, ಒಳಗೆಲ್ಲ ವಾರ್ನಿಷಿನ ವಾಸನೆ. ಆದರೂ ಅವನನ್ನು ಮೋಟಾರು ನಂಜೇಶ ಎಂದು ಯಾರೂ ಕರೆಯುತ್ತಿರಲಿಲ್ಲ. ಹಾಲಿನವನಿಗೂ ಅವನು ಅಧ್ಯಕ್ಷರು, ಬ್ಯಾಂಕಿನ ಬಾಗಿಲು ಕಾಯುವವನಿಗೂ ಅಧ್ಯಕ್ಷರು. ಆ ಕುರ್ಚಿ ಹೋದ ಮರುದಿನವೇ ತಾನು ಮೋಟಾರು ನಂಜೇಶ ಆಗುತ್ತೇನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೆಸರನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಪ್ರತಿ ನವೆಂಬರಿನಲ್ಲಿ ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಏಳುತ್ತಿತ್ತು. ಕೂಲಿಂಗ್ ಗ್ಲಾಸು, ಕಿವಿಗೆ ಮೊಬೈಲು, ಕೆಳಗೆ "ಯುವಕರ ಕಣ್ಮಣಿ". ಈ ಫ್ಲೆಕ್ಸನ್ನು ಅವನು ಊರಿನಲ್ಲಿ ಮಾಡಿಸುತ್ತಿರಲಿಲ್ಲ, ಏಕೆಂದರೆ ಊರಿನ ಫ್ಲೆಕ್ಸ್ ಅಂಗಡಿಯವನು ಅವನ ಜೊತೆ ಏಳನೇ ಕ್ಲಾಸು ಓದಿದವನು. ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗಿ ಶಿವಮೂರ್ತಿಯ ಅಂಗಡಿಯಲ್ಲಿ ಮಾಡಿಸುತ್ತಿದ್ದ. ಶಿವಮೂರ್ತಿ ಹೆಚ್ಚು ಮಾತಾಡುವವನಲ್ಲ. ಕಂಪ್ಯೂಟರಿನಲ್ಲಿ ನಂಜೇಶನ ಮುಖ ತೆರೆದು, ಒಂದು ವರ್ಷದಲ್ಲಿ ಹೊಸದಾಗಿ ಬಂದಿರುವ ಸುಕ್ಕುಗಳನ್ನು ಒಂದೊಂದಾಗಿ ಒರೆಸಿ, "ಈಗ ಸರಿ ಸಾ" ಅನ್ನುತ್ತಿದ್ದ. ಹನ್ನೆರಡು ವರ್ಷದಿಂದ ಅವರಿಬ್ಬರ ನಡುವೆ ಇದೊಂದು ಮಾತಿಲ್ಲದ ಒಪ್ಪಂದ.

ಹೀಗಿರುವಾಗ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಜಿಮ್ ಹೇಮಂತ್ ಒಂದು ಸಾಲು ಹಾಕಿದ. ಹೇಮಂತನಿಗೆ ಇಪ್ಪತ್ತೆಂಟು, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಜಿಮ್ ಇಟ್ಟಿದ್ದಾನೆ, ಅಂಗಿ ಹಾಕಿಕೊಂಡರೂ ಹಾಕಿಕೊಳ್ಳದವನ ಹಾಗೆ ಕಾಣುತ್ತಾನೆ. ಅವನು ಬರೆದದ್ದು ಇಷ್ಟೇ: "ಯುವಕರ ಸಂಘಕ್ಕೆ ಒಬ್ಬ ಯುವಕ ಅಧ್ಯಕ್ಷ ಬೇಕು ಅನ್ನೋದು ನನ್ನ ವಿನಮ್ರ ಅಭಿಪ್ರಾಯ." ಐದು ನಿಮಿಷದಲ್ಲಿ ಮೂವತ್ತೆಂಟು ಹೆಬ್ಬೆರಳು ಬಿದ್ದವು. ಅದರಲ್ಲೊಂದು ನಂಜೇಶನದೇ, ಕನ್ನಡಕ ಇಲ್ಲದೆ ಒತ್ತಿದ್ದು.

ತಗಾದೆ ಸಂಘದ ಹಿರಿಯರಾದ ಚಿಕ್ಕಬಸಪ್ಪನವರ ಮುಂದೆ ಹೋಯಿತು. ಕವಲಂದೆಯ ಈ ನಿವೃತ್ತ ಹೆಡ್ಮಾಸ್ಟರು ನಂಜೇಶನ ಸೋದರಮಾವ. ಆ ಕಾರಣಕ್ಕೇ ಅಳಿಯನ ಕಡೆ ವಾಲಬಾರದೆಂದು ಸ್ವಲ್ಪ ಹೆಚ್ಚೇ ಎದುರು ಕಡೆಗೆ ವಾಲುವವರು. ಬೈಲಾವನ್ನು ಹಿಂದೆ ಮುಂದೆ ಮೂರು ಸಲ ಓದಿ ಅವರು ತೀರ್ಪು ಕೊಟ್ಟರು.

"ಇದ್ರಾಗೆ ವಯಸ್ಸು ಅಂತ ಬರ್ದಿಲ್ಲ, ಯುವಕ ಅಂತ ಬರ್ದದೆ. ಅಂದ್ಮೇಲೆ ಆಧಾರ್ ಕಾರ್ಡ್ ನೋಡಂಗಿಲ್ಲ, ಮುಖ ನೋಡ್ಬೇಕು. ಮೂರ್ ವಾರಕ್ಕೆ ಮಹಾಸಭೆ ಅದೆ. ಅಲ್ಲಿ ಎಲ್ರ ಮುಂದೆ ಮುಖ ನೋಡಿ ಏಳ್ಬುಡ್ತೀನಿ."

ಹೀಗೆ ಇಪ್ಪತ್ತಮೂರು ವರ್ಷದ ಅಧಿಕಾರ ಒಂದು ಮುಖದ ಮೇಲೆ ಬಂದು ನಿಂತಿತು. ನಂಜೇಶ ಅಂದು ಸಂಜೆ ಕನ್ನಡಿಯ ಮುಂದೆ ನಿಂತು ಆ ಮುಖವನ್ನು ಪರಿಶೀಲಿಸಿದ. ತಲೆಗೂದಲು ಪರವಾಗಿಲ್ಲ, ಅದಕ್ಕೆ ಪ್ರತಿ ಎರಡನೇ ಭಾನುವಾರ ಬಣ್ಣ ಹೋಗುತ್ತಿತ್ತು. ಆದರೆ ಕಣ್ಣಿನ ಕೆಳಗೆ ಎರಡು ಚೀಲ ನೇತುಬಿದ್ದಿದ್ದವು. ಗಲ್ಲದ ಕೆಳಗೆ ಇನ್ನೊಂದು ಗಲ್ಲ ತನ್ನಷ್ಟಕ್ಕೆ ಬಂದು ಸಂಸಾರ ಹೂಡಿತ್ತು. ಕೆನ್ನೆಗಳೆರಡೂ ಕೆಲಸ ಬಿಟ್ಟು ಕೆಳಗಿಳಿಯುತ್ತಿದ್ದವು. ಮೋಟಾರಾಗಿದ್ದರೆ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದ, ಪೂರಾ ವೈಂಡಿಂಗ್ ಸಡಿಲವಾಗಿದೆ, ಬಿಚ್ಚಿ ಸುತ್ತಬೇಕು.

ಮಗಳು ಚೈತ್ರ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬಿ.ಕಾಂ ಓದುವವಳು. ಅಪ್ಪನಿಗೆ ಕನ್ನಡಿ ಬಿಟ್ಟುಕೊಡು ಎಂದು ಅಮ್ಮ ಕೂಗಿದರೂ ಅವಳು ಬೆಳಗ್ಗೆ ಕನ್ನಡಿ ಬಿಡುತ್ತಿರಲಿಲ್ಲ. ಅಲ್ಲಿ ನಿಂತು ಒಂದು ಹಸಿರು ಕಲ್ಲಿನ ಬಿಲ್ಲೆಯನ್ನು ಕೆನ್ನೆಯ ಮೇಲೆ ಎಳೆಯುತ್ತಿದ್ದಳು. ಅಂಗೈಯಗಲ, ಒಂದು ಕಡೆ ಬಾಗು, ಇನ್ನೊಂದು ಕಡೆ ಹೃದಯದ ಆಕಾರ. ನಂಜೇಶ ಇಷ್ಟು ದಿನ ಅದನ್ನು ಸೋಪಿಡುವ ತಟ್ಟೆ ಅಂದುಕೊಂಡಿದ್ದ. ಈಗ ಏನೂ ಅರಿಯದವನಂತೆ ಕೇಳಿದ. ಅದರ ಹೆಸರು ಗುವಾಶಾ ಎಂದು ಅವಳು ಹೇಳಿದಳು. ಚೀನಾದವರದು, ಎಣ್ಣೆ ಹಚ್ಚಿಕೊಂಡು ಮುಖದ ಮೇಲೆ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎಳೆದರೆ ಊತ ಇಳಿಯುತ್ತದೆ, ಮುಖ ಬಿಗಿಯಾಗುತ್ತದೆ, ಹೊಳೆಯುತ್ತದೆ. ಬಿಗಿಯಾಗುತ್ತದೆ ಎಂಬ ಮಾತು ಕೇಳಿದ ಮೇಲೆ ನಂಜೇಶನಿಗೆ ಬೇರೇನೂ ಕೇಳಿಸಲಿಲ್ಲ.

ಮರುದಿನದಿಂದ ಅವನು ಮಗಳಿಗಿಂತ ಒಂದು ಗಂಟೆ ಮೊದಲು ಎದ್ದು, ಸ್ನಾನ ಮುಗಿಸಿ, ಕಲ್ಲನ್ನು ಕದ್ದು ಮಹಡಿ ಹತ್ತತೊಡಗಿದ. ಮೊದಲ ದಿನ ಎಣ್ಣೆ ಹಾಕದೆ, ಸುಟ್ಟ ಮೋಟಾರಿನ ಸ್ಟೇಟರನ್ನು ಕೆರೆಯುವ ಹುಮ್ಮಸ್ಸಿನಲ್ಲಿ ಎಳೆದು ಎರಡೂ ಕೆನ್ನೆ ಕೆಂಪು ಮಾಡಿಕೊಂಡ. ಹೆಂಡತಿ ಸರ್ವಮಂಗಳ ಯಾರ ಹತ್ತಿರ ಹೊಡೆಸಿಕೊಂಡು ಬಂದಿರಿ ಎಂದು ವಿಚಾರಿಸಿದಳು. ಎರಡನೆಯ ದಿನದಿಂದ ಹರಳೆಣ್ಣೆ ಬಂತು. ವಿದ್ಯೆ ಅವನಿಗೆ ಬೇಗ ಕೈಹತ್ತಿತು, ಏಕೆಂದರೆ ತಂತಿ ಸುತ್ತುವವನಿಗೆ ಲೆಕ್ಕ ತಪ್ಪುವುದಿಲ್ಲ. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಮೋಟಾರು ಗುಂಯ್‌ಗುಡುತ್ತದೆ. ಹೀಗಾಗಿ ಪ್ರತಿ ಕೆನ್ನೆಗೆ ನೂರೆಂಟು ಎಳೆತ, ತುಟಿಯಲ್ಲೇ ಎಣಿಕೆ.

ಒಂದು ಬೆಳಗ್ಗೆ ಪಕ್ಕದ ಮನೆಯ ಮಹಡಿಗೆ ಕೆಂಪಾಜಮ್ಮ ಬಟ್ಟೆ ಒಣಗಿಸಲು ಬಂದಳು. ಅರವತ್ತು ದಾಟಿದ ಈ ಹೆಂಗಸಿಗೆ ಬೀದಿಯಲ್ಲಿ ನಡೆದದ್ದೆಲ್ಲ ಗೊತ್ತಿರುತ್ತದೆ, ನಡೆಯದೇ ಇದ್ದದ್ದು ಸ್ವಲ್ಪ ಮೊದಲೇ ಗೊತ್ತಾಗುತ್ತದೆ. ಅವಳ ಕಣ್ಣಿಗೆ ಬಿದ್ದದ್ದು ಹೀಗೆ: ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ಒದ್ದೆ ಪಂಚೆಯಲ್ಲಿ ನಿಂತ ನಂಜೇಶ, ಹಣೆಯಲ್ಲಿ ಸ್ನಾನವಾದ ಕೂಡಲೇ ಇಟ್ಟ ವಿಭೂತಿ, ಮುಚ್ಚಿದ ಕಣ್ಣು, ಅಲುಗುವ ತುಟಿ, ಕೈಯಲ್ಲಿ ಬೆಳಕಿಗೆ ಹೊಳೆಯುವ ಹಸಿರು ಕಲ್ಲು. ಕಣ್ಣು ಮುಚ್ಚಿದ್ದು ಹರಳೆಣ್ಣೆ ಒಳಗೆ ಹೋಗಿ ಉರಿಯುತ್ತಿದ್ದುದಕ್ಕೆ. ಅದು ಅವಳಿಗೆ ಹೇಗೆ ತಿಳಿಯಬೇಕು?

ಅವಳು ಸೆರಗು ಹೊದ್ದು, ದನಿ ತಗ್ಗಿಸಿ ಕೇಳಿದಳು. "ನಂಜೇಸಣ್ಣ, ಏನಪ್ಪ ಅದು ಕೈಲಿ?"

ಆಗ ಕಲ್ಲು ನಂಜೇಶನ ಬಾಯಿಯ ಒಂದು ಮೂಲೆಯನ್ನು ಕಿವಿಯ ಕಡೆ ಎಳೆದುಕೊಂಡು ಹೋಗುತ್ತಿತ್ತು. ಉಳಿದ ಅರ್ಧ ಬಾಯಿಯಲ್ಲಿ ಅವನು ಉತ್ತರ ಕೊಟ್ಟ. "ಗುವಾಶಾ."

ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮರ್ಯಾದೆ ಕಡಿಮೆ. ಹಳ್ಳಿ ಅಳ್ಳಿಯಾಗಿ, ಹೋಗು ಓಗಾಗಿ ಸುಖವಾಗಿವೆ. ಹಾಗಾಗಿ ಯಾವುದಾದರೂ ಮಾತು ಅರ್ಥವಾಗದಿದ್ದರೆ, ಎಲ್ಲೋ ಒಂದು ಹಕಾರ ಬಿದ್ದುಹೋಗಿದೆ ಎಂದುಕೊಂಡು ಕೇಳಿದವರೇ ಅದನ್ನು ಎತ್ತಿ ಅದರ ಜಾಗಕ್ಕೆ ಇಡುವುದು ರೂಢಿ. ಕೆಂಪಾಜಮ್ಮ ಎತ್ತಿ ಇಟ್ಟಳು. ಗುಹೇಶ. ಗುಹೆಯೊಳಗಿನ ಈಶ, ಸಾಕ್ಷಾತ್ ಶಿವ. ಊರೋ ನಂಜನಗೂಡು. ಸುಲ್ತಾನನ ಆನೆಯ ಕಣ್ಣು ವಾಸಿಮಾಡಿ ಹಕೀಮ್ ನಂಜುಂಡ ಅನ್ನಿಸಿಕೊಂಡ ದೇವರಿಗೆ ಅವನು ಪಚ್ಚೆಲಿಂಗ ಒಪ್ಪಿಸಿದ ಕಥೆ ಇಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಇಲ್ಲಿಯವರು ಹಸಿರು ಕಲ್ಲು ಕಂಡರೆ ಅದನ್ನು ಕಲ್ಲು ಅಂದುಕೊಳ್ಳುವುದಿಲ್ಲ, ಔಷಧಿ ಅಂದುಕೊಳ್ಳುತ್ತಾರೆ.

ಕೆಂಪಾಜಮ್ಮ ಎರಡು ಮಹಡಿಗಳ ನಡುವಿನ ಗೋಡೆಗೆ ಒರಗಿ ಹಣೆ ಮುಂದೆ ಚಾಚಿದಳು. ರಾತ್ರಿಯೆಲ್ಲ ತಲೆನೋವಂತೆ, ಒಂದು ಸಲ ಮುಟ್ಟಿಸಬೇಕಂತೆ. ಎಣಿಕೆ ತಪ್ಪುತ್ತದೆಂಬ ಸಿಟ್ಟಿನಲ್ಲಿ ನಂಜೇಶ ಅವಳ ಹಣೆಗೆ ಕಲ್ಲನ್ನು ಒಂದು ಸಲ ಎಳೆದು ಕಳಿಸಿದ. ಅವಳು ಕೆಳಗಿಳಿದು, ಸೊಸೆ ಕೊಟ್ಟ ಕಾಫಿ ಕುಡಿದಳು, ಹತ್ತು ನಿಮಿಷದಲ್ಲಿ ತಲೆನೋವು ಹೋಯಿತು. ಮೂವತ್ತು ವರ್ಷದಿಂದ ಅವಳ ತಲೆನೋವು ಬೆಳಗಿನ ಕಾಫಿಗೇ ಹೋಗುತ್ತಿತ್ತು. ಆದರೆ ಆವತ್ತಿನ ಕೀರ್ತಿ ಕಾಫಿಗೆ ದಕ್ಕಲಿಲ್ಲ.

ಗುಹೇಶನ ಸುದ್ದಿ ಹಬ್ಬಿ, ಅದಾದ ಮೂರನೆಯ ದಿನ ಮನೆಯ ಮುಂದೆ ಆರು ಜೊತೆ ಚಪ್ಪಲಿ ಇದ್ದವು. ವಾರದೊಳಗೆ ಹದಿನಾರು ಎಂಬ ಹಳ್ಳಿಯಿಂದ ಪಾಪಮ್ಮ ಎಂಬಾಕೆ ಹಿಡಿದ ಕತ್ತು ಹೊತ್ತುಕೊಂಡು ಬಂದಳು. ನಂಜೇಶ ಮೋಟಾರಿನ ಬೇರಿಂಗ್ ಬಿಡಿಸುವ ರೀತಿಯಲ್ಲಿ ಒತ್ತಿ ಎಳೆದ, ಅದು ಬಿಟ್ಟಿತು. ಟಿ. ನರಸೀಪುರದ ಕಡೆಯಿಂದ ಒಬ್ಬ ಸರ್ವೇಯರ್ ಸಾಹೇಬರು ಎಡಗಣ್ಣು ಅದುರುತ್ತದೆಂದು ಜೀಪಿನಲ್ಲೇ ಬಂದರು. ಕಲ್ಲು ಯಾವ ದಿಕ್ಕಿಗೆ ಹೋಗಬೇಕು, ಪೂರ್ವದ ಹದ್ದು ಎಲ್ಲಿ, ಪಶ್ಚಿಮದ ಹದ್ದು ಎಲ್ಲಿ ಎಂದು ವಿಚಾರಿಸಿ, ತಮ್ಮದೇ ಮುಖದ ಒಂದು ನಕ್ಷೆ ಬರೆದುಕೊಂಡು ಹೋದರು. ಬಂದವರೆಲ್ಲ ಹೋಗುವಾಗ ಅಡ್ಡಬೀಳುತ್ತಿದ್ದರು. ಮಠದ ಸ್ವಾಮಿಗಳಿಗೆ ಹೇಳುವ "ಬುದ್ಧಿ" ಎಂಬ ಮಾತು ಮೊದಲು ಪಾಪಮ್ಮನ ಬಾಯಿಂದ ಬಂತು, ಆಮೇಲೆ ಎಲ್ಲರೂ ಅದನ್ನೇ ಹಿಡಿದರು.

ನಂಜೇಶ ಯಾಕೆ ಬಾಯಿಬಿಡಲಿಲ್ಲ ಎಂದು ನೀವು ಕೇಳಬಹುದು. ಕಾರಣ ಸರಳ. ಬಂದವರಲ್ಲಿ ಸಂಘದ ಸದಸ್ಯರಿದ್ದರು, ಸದಸ್ಯರ ತಾಯಂದಿರಿದ್ದರು, ಅತ್ತೆಯರಿದ್ದರು. ಅವನು ಅದನ್ನೆಲ್ಲ ಚುನಾವಣೆಯ ಅಲೆ ಅಂದುಕೊಂಡ. ಇಪ್ಪತ್ತಮೂರು ವರ್ಷದಲ್ಲಿ ಯಾವ ಸದಸ್ಯನೂ ಅವನ ಕಾಲು ಮುಟ್ಟಿರಲಿಲ್ಲ. ಇಂಥ ಬೆಂಬಲ ಇರುವಾಗ ಕಲ್ಲು ಚೀನಾದ್ದೋ ಕೈಲಾಸದ್ದೋ ಎಂದು ವಿವರಿಸುವುದು ಮಹಾಸಭೆ ಮುಗಿದ ಮೇಲೂ ಆಗುತ್ತದೆ ಎಂದು ತೀರ್ಮಾನಿಸಿದ. ಅದೂ ಅಲ್ಲದೆ ಕಲ್ಲು ಕೆಲಸ ಮಾಡುತ್ತಿತ್ತು. ಎರಡನೆಯ ಗಲ್ಲ ಅರ್ಧಕ್ಕರ್ಧ ಗಂಟು ಮೂಟೆ ಕಟ್ಟಿತ್ತು, ಕೆನ್ನೆಯಲ್ಲಿ ಹೊಳಪು ಬಂದಿತ್ತು.

ಅಂಗಡಿಯಲ್ಲಿ ಮಾತ್ರ ತೊಂದರೆ ಶುರುವಾಯಿತು. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬರತೊಡಗಿದರು. ಎದುರಿನ ಹೋಟೆಲಿನವನು ಅವನಿಗೆ ನಿಂತುಕೊಂಡು ಟೀ ಕುಡಿಯಲು ಬಿಡಲಿಲ್ಲ, ಚೊಂಬಿನಲ್ಲಿ ಹಾಲು ಕಳಿಸಿದ. ನಂಜೇಶನಿಗೆ ಹಾಲೆಂದರೆ ಆಗದು, ಆದರೂ ಸದಸ್ಯರೆದುರು ಕುಡಿದ. ಒಂದು ಮಧ್ಯಾಹ್ನ ಚಾಮಯ್ಯ ಎಂಬ ರೈತ ಐದು ಹಾರ್ಸ್‌ಪವರಿನ ಸುಟ್ಟ ಮೋಟಾರನ್ನು ಆಟೋದಲ್ಲಿ ತಂದು ಇಳಿಸಿ ಕೈಮುಗಿದು ನಿಂತ. ಸುತ್ತಲು ನಾಲ್ಕು ದಿನ ಬೇಕು ಎಂದು ನಂಜೇಶ ಹೇಳಿದ.

"ಸುತ್ತಾದ್ ಬ್ಯಾಡಿ ಬುದ್ಧಿ," ಎಂದ ಚಾಮಯ್ಯ. "ಅದ್ನ ಒಂದ್ ದಪ ಮುಟ್ಸಿ ಕೊಡಿ, ಓಡ್ತದೆ."

ನಂಜೇಶ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಕೊನೆಗೆ ಮೋಟಾರಿಗೆ ಕಲ್ಲು ಮುಟ್ಟಿಸಿದಂತೆ ಮಾಡಿ, ನಾಲ್ಕು ದಿನ ಬಿಟ್ಟು ಬಾ ಎಂದು ಚಾಮಯ್ಯನನ್ನು ಊರಿಗೆ ಕಳಿಸಿ, ಅಷ್ಟೂ ದಿನ ಬಾಗಿಲು ಹಾಕಿಕೊಂಡು ಕದ್ದು ತಂತಿ ಸುತ್ತಿದ. ಮೋಟಾರು ಓಡಿತು. ತಂತಿಯ ಸುದ್ದಿ ಚಾಮಯ್ಯನಿಗೆ ತಿಳಿಯಲೇ ಇಲ್ಲ.

ಮನೆಯಲ್ಲಿ ಚೈತ್ರ ತನ್ನ ಕಲ್ಲಿಗೆ ಕುಂಕುಮ ಮೆತ್ತಿಕೊಂಡದ್ದು ನೋಡಿ ಎಲ್ಲ ತಿಳಿದು, ನಕ್ಕು ನಕ್ಕು ರೈಲು ತಪ್ಪಿಸಿಕೊಂಡಳು. ಆಮೇಲೆ ಗಂಭೀರಳಾಗಿ, ಜನಕ್ಕೆ ನಿಜ ಹೇಳಿಬಿಡಿ ಅಪ್ಪ, ಇದು ಎಲ್ಲಿಗೋ ಹೋಗಿ ನಿಲ್ಲುತ್ತದೆ ಎಂದಳು. ಭಾನುವಾರದ ಮಹಾಸಭೆ ಮುಗಿಯಲಿ ಎಂದು ಅವನು ಕೇಳಿಕೊಂಡ. ಸರ್ವಮಂಗಳಳ ದೂರು ಬೇರೆಯೇ ಇತ್ತು.

"ಊರ್ನೋರ್ ತಲೆನೋವೆಲ್ಲ ತೆಗ್ದ್ ಬಿಸಾಕ್ತಿದ್ದೀರಿ," ಎಂದಳು. "ಇಪ್ಪತ್ನಾಲ್ಕು ವರ್ಷದಿಂದ ನಂಗಿರೋ ತಲೆನೋವು ಯಾವ್ದು ಅಂತ ಒಂದಿನ ಕೇಳಿದ್ರಾ?"

ಮಹಾಸಭೆಗೆ ಎರಡು ದಿನ ಇರುವಾಗ ಹೇಮಂತ್ ಬಂದ. ಕಲ್ಲನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ನಂಜೇಶ ಕಲ್ಲು ಕಿತ್ತುಕೊಳ್ಳಲು ಕೈ ಚಾಚಿದ, ಏಕೆಂದರೆ ಹೇಮಂತನ ಜಿಮ್ಮಿಗೆ ಕಾಲೇಜು ಹುಡುಗಿಯರು ಬರುತ್ತಾರೆ, ಅವರ ಬ್ಯಾಗಿನಲ್ಲಿ ಇಂಥವು ಇರುತ್ತವೆ. ಹೇಮಂತ್ ಮುಗುಳ್ನಕ್ಕ. ಕಲ್ಲನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟು, ದೊಡ್ಡದಾಗಿ ಅಡ್ಡಬಿದ್ದು ಹೊರಟುಹೋದ. ಎದುರಾಳಿಯೂ ಶರಣಾದ ಎಂದು ನಂಜೇಶ ಆವತ್ತು ಹಾಲನ್ನು ಸಂತೋಷದಿಂದ ಕುಡಿದ.

ಭಾನುವಾರ ಸಂಘದ ಸಭಾಂಗಣ ತುಂಬಿ ಕಿಟಕಿಗಳಲ್ಲೂ ಜನ ಇದ್ದರು. ಸದಸ್ಯರಲ್ಲದ ಕೆಂಪಾಜಮ್ಮ, ಪಾಪಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ನಂಜೇಶ ಜೀನ್ಸ್ ಪ್ಯಾಂಟು, ಹೂವಿನ ಅಂಗಿ ತೊಟ್ಟು ಬಂದಿದ್ದ. ಬೆಳಗ್ಗೆ ಕೆನ್ನೆಗೆ ನೂರೆಂಟರ ಬದಲು ಇನ್ನೂರ ಹದಿನಾರು ಎಳೆದಿದ್ದ. ಚಿಕ್ಕಬಸಪ್ಪನವರು ಅಳಿಯನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಸುಕ್ಕಿಲ್ಲ," ಎಂದರು ಚಿಕ್ಕಬಸಪ್ಪನವರು. ನಂಜೇಶನಿಗೆ ಹೋದ ಜೀವ ಬಂತು. "ಮುಖದಾಗೆ ಕಳೆ ಅದೆ. ನಾ ಬೋ ಜನರ ಮುಖ ನೋಡಿವ್ನಿ. ಇದು ಪ್ರಾಯದ ಕಳೆ ಅಲ್ಲ ಕಣ್ರಪ್ಪ. ಇದು ತೇಜಸ್ಸು."

ಸಭೆಯಲ್ಲಿ ಕೈಗಳು ಜೋಡಿಕೊಂಡವು. ಅದೇ ಹೊತ್ತಿಗೆ ಕಾದಿದ್ದವನಂತೆ ಹೇಮಂತ್ ಎದ್ದು ನಿಂತ. ಕಣ್ಣಲ್ಲಿ ನೀರು ತಂದುಕೊಂಡಿದ್ದ.

"ಇಂಥಾ ಬುದ್ಧಿಯವ್ರನ್ನ ಯುವಕ ಅಂತ ಕರೆಯೋದು ಅಪಚಾರ," ಎಂದ. "ವಾಲಿಬಾಲ್ ಟೂರ್ನಮೆಂಟು, ಆರ್ಕೆಸ್ಟ್ರಾ, ಇವೆಲ್ಲ ಅವ್ರಿಗೆ ಹೊರಿಸೋದು ಪಾಪ. ನಾನೇ ಮೊದ್ಲು ಅವ್ರ ವಿರುದ್ಧ ಬರೆದವ್ನು, ನಂದು ತಪ್ಪಾಯ್ತು. ಅವ್ರನ್ನ ನಾವು ಗೌರವಾಧ್ಯಕ್ಷರು ಅಂತ ಮೇಲೆ ಕೂರಿಸ್ಬೇಕು. ಕೆಳಗಿನ ಕಷ್ಟ ನನ್ನಂಥ ಪಾಪಿಗಳಿಗೆ ಇರ್ಲಿ."

ಗೌರವಾಧ್ಯಕ್ಷ ಎಂದರೇನೆಂದು ನಂಜೇಶನಿಗೆ ಗೊತ್ತಿತ್ತು. ಹಿಂದಿನ ಮೂವರು ಗೌರವಾಧ್ಯಕ್ಷರಿಗೆ ಅವನೇ ಶಾಲು ಹೊದಿಸಿದ್ದ, ಮೂವರ ಫೋಟೋಗೂ ಅವನೇ ಹಾರ ಹಾಕಿದ್ದ. ಆ ಮೂರು ಫೋಟೋಗಳು ಎದುರಿನ ಗೋಡೆಯಲ್ಲೇ ಇದ್ದವು, ನಾಲ್ಕನೆಯದಕ್ಕೆ ಮೊಳೆಯೂ ಇತ್ತು. ಈಗ ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕುರ್ಚಿ ಹೋಗುತ್ತದೆ. ಒಂದು ಕ್ಷಣ ತೂಗಿ ನೋಡಿ ಅವನು ಕುರ್ಚಿಯನ್ನೇ ಆರಿಸಿಕೊಂಡ. ಜೇಬಿನಿಂದ ಕಲ್ಲು ತೆಗೆದು ಎತ್ತಿ ಹಿಡಿದ.

"ಕೇಳ್ರಪ್ಪ, ನಾನು ಬುದ್ಧಿಯವ್ನಲ್ಲ. ಇದು ಗುಹೇಶ ಅಲ್ಲ, ಗುವಾಶಾ. ನನ್ ಮಗಳು ಆನ್‌ಲೈನಲ್ಲಿ ತರ್ಸಿದ್ದು. ಹೆಣ್ಮಕ್ಳು ಮುಖ ಚೆನ್ನಾಗಿ ಕಾಣ್ಲಿ ಅಂತ ಉಜ್ಕೊಳ್ಳೋ ಕಲ್ಲು. ನಾನೂ ವಯಸ್ಸು ಕಾಣ್ಬಾರ್ದು ಅಂತ ಉಜ್ಕೊಂಡೆ. ಅಷ್ಟೇ ಕಣ್ರಪ್ಪ."

ಕೆಂಪಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರಪ್ಪ," ಎಂದಳು ಜನರ ಕಡೆ ತಿರುಗಿ. "ಅವ್ರ ಬಾಯಿಂದ ಒಂದಿನಾನೂ ನಾನು ದೊಡ್ಡೋನು ಅಂತ ಬಂದಿಲ್ಲ. ಈಗ್ಲೂ ಎಂಗ್ ಮುಚ್ಚಿಕ್ಕತಾವ್ರೆ ನೋಡಿ. ನನ್ ತಲೆನೋವು ಆನ್‌ಲೈನ್ ಕಲ್ಲಿಗೆ ಓಯ್ತಾ?"

ನನ್ನ ಹಿಡಿದ ಕತ್ತು ಅದಕ್ಕೆ ಬಿಟ್ಟಿತಾ ಎಂದು ಪಾಪಮ್ಮ ಕೇಳಿದಳು. ನನ್ನ ಮೋಟಾರು ಎಂದು ಕಿಟಕಿಯಿಂದ ಚಾಮಯ್ಯ ಕೇಳಿದ. ಚಾಮಯ್ಯನ ಮೋಟಾರಿಗೆ ತಾನು ಎಷ್ಟು ಕೆಜಿ ತಾಮ್ರ ಸುತ್ತಿದೆನೆಂದು ನಂಜೇಶ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹೇಮಂತ್ ಅವನ ಕಾಲಿಗೆ ಬಿದ್ದು ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಚಿಕ್ಕಬಸಪ್ಪನವರು ತಾವೂ ಬಗ್ಗಿದರು. ಸೋದರಮಾವನೇ ಬಗ್ಗಿದ ಮೇಲೆ ನಿಲ್ಲುವವರು ಯಾರು? ಸಭೆ ಸರ್ವಾನುಮತದಿಂದ ಮುಗಿಯಿತು.

ಎರಡು ದಿನದ ಮೇಲೆ ಟಿ. ನರಸೀಪುರದಿಂದ ಶಿವಮೂರ್ತಿಯ ಫೋನು ಬಂತು. ಹೊಸ ಅಧ್ಯಕ್ಷ ಹೇಮಂತ್ ಅವರು ಫ್ಲೆಕ್ಸಿಗೆ ಹೇಳಿದ್ದಾರಂತೆ, ಊರಿಗೆಲ್ಲ ಕಾಣುವ ಹಾಗೆ ದೊಡ್ಡದು. ಶಿವಮೂರ್ತಿ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಮುಜುಗರಪಟ್ಟ.

"ಸಾ, ತಪ್ ತಿಳ್ಕೋಬೇಡಿ. ಬುದ್ಧಿಯೋರು ಅಂದ್ಮೇಲೆ ಮುಖದಾಗೆ ಇರೀತನ ಬೇಕಂತೆ. ನಾನು ಒರ್ಸಿದ್ ಸುಕ್ಕೆಲ್ಲ ವಾಪಸ್ ಆಕ್ಬೇಕಂತೆ. ಒಟ್ಗೆ ಆಕ್ಲಾ, ಇಲ್ಲ ಹಣೆಗೆ ಸ್ವಲ್ಪ ಕಮ್ಮಿ ಮಾಡ್ಲಾ?"

ನಂಜೇಶನಿಗೆ ದುಃಖವಾಗಿತ್ತು, ಅದನ್ನು ಮುಚ್ಚಿಡುವುದೇನು. ಕೊನೆಗೆ ಗಡ್ಡ ಇದೆಯಾ ಎಂದು ಕೇಳಿದ. ಎದೆಯವರೆಗೆ ಇದೆ, ಬಿಳೀದು ಎಂದ ಶಿವಮೂರ್ತಿ.

ಫ್ಲೆಕ್ಸ್ ಬಸ್ ಸ್ಟ್ಯಾಂಡಿನ ಎದುರು ಎದ್ದಿತು. ಕೂಲಿಂಗ್ ಗ್ಲಾಸು ಹೋಗಿ ವಿಭೂತಿ ಬಂದಿತ್ತು. ಕಿವಿಗೆ ಹಿಡಿದಿದ್ದ ಮೊಬೈಲನ್ನು ತೆಗೆದು ಅದೇ ಕೈಯನ್ನು ಆಶೀರ್ವಾದಕ್ಕೆ ತಿರುಗಿಸಿದ್ದರು. ಮೇಲೆ "ಪೂಜ್ಯ ಶ್ರೀ ನಂಜೇಶ ಬುದ್ಧಿಯವರು, ಗೌರವಾಧ್ಯಕ್ಷರು" ಎಂದಿತ್ತು, ಮೂಲೆಯಲ್ಲಿ ಹೇಮಂತ್ ಕೈಮುಗಿದು ನಿಂತಿದ್ದ. ಫ್ಲೆಕ್ಸಿನ ಮೇಲಿನ ಮುದುಕ ಎಪ್ಪತ್ತೈದಕ್ಕೆ ಕಡಿಮೆ ಇರಲಿಲ್ಲ. ನಂಜೇಶ ಅಂಗಡಿಗೆ ಹೋಗುವಾಗ ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿದ. ಆವತ್ತು ಅವನ ಮುಖ ನುಣ್ಣಗೆ, ಬಿಗಿಯಾಗಿ ಹೊಳೆಯುತ್ತಿತ್ತು, ಅಭ್ಯಾಸಬಲದಿಂದ ಬೆಳಗ್ಗೆಯೂ ನೂರೆಂಟು ಎಳೆದಿದ್ದ. ಬನ್ನೂರು ಕಡೆಯಿಂದ ಬಸ್ಸಿಳಿದ ಒಬ್ಬ ಅಜ್ಜಿ, ಮಂಡಿನೋವಿಗೆ ಕಲ್ಲು ಮುಟ್ಟಿಸಿಕೊಳ್ಳಲು ಬಂದವಳು, ಫ್ಲೆಕ್ಸಿಗೊಮ್ಮೆ ಕೈಮುಗಿದು ಪಕ್ಕದಲ್ಲಿ ನಿಂತವನನ್ನು ನೋಡಿದಳು. ಮತ್ತೆ ಫ್ಲೆಕ್ಸನ್ನು ನೋಡಿದಳು.

"ಮೂಗು ಅಂಗೇ ಅದೆ," ಎಂದಳು. "ನೀನು ಬುದ್ಧಿಯೋರ ಮಗನಾ ಮಗ?"

ಮೂರು ವಾರದ ಹರಳೆಣ್ಣೆಗೆ ಕೊನೆಗೂ ಬೆಲೆ ಬಂತು. ನಂಜೇಶ ತಲೆಗೂದಲು ಸರಿಮಾಡಿಕೊಂಡ, ಹೊಟ್ಟೆ ಒಳಗೆಳೆದುಕೊಂಡ.

"ಹೂಂ ಕಣಜ್ಜಿ," ಎಂದ. "ಕಿರೀ ಮಗ."